ಕಡೀ ನುಡಿ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ನಮ್ಮ ಕಡೆ ಹಾಡು ಕೇಳಲು ರೊಕ್ಕ ಕೊಡಬೇಕಾಗಿಲ್ಲ. ಕೇಳದೆ ಇರಬೇಕೆಂದರೆ ಮಾತ್ರ ರೊಕ್ಕ ಬೇಕು: ಊರು ಬಿಟ್ಟು ಹೋಗುವ ಬಸ್ಸಿನ ಚಾರ್ಜು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಯಾವ ತಾಲೂಕಿನ ರಸ್ತೆಯಲ್ಲೇ ನಿಲ್ಲಿ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಕಾರಹುಣ್ಣಿಮೆಯ ಎತ್ತಿನ ಹಾಗೆ ಮೈತುಂಬ ಗೊಂಡೆ ಕಟ್ಟಿಕೊಂಡು ಟ್ರ್ಯಾಕ್ಟರು ಬರುತ್ತದೆ. ಅದಕ್ಕಿಂತ ಮೊದಲು ಅದರ ಹಾಡು ಬರುತ್ತದೆ. ಅದು ಹೋದ ಮೇಲೂ ಸ್ವಲ್ಪ ಹೊತ್ತು ನಮ್ಮ ಮನೆಯ ಕಿಟಕಿಯ ಗಾಜು ಹಾಡುತ್ತಿರುತ್ತದೆ.

ತೊಂದರೆ ಒಂದೇ. ಟ್ರ್ಯಾಕ್ಟರು ನಿಲ್ಲುವುದಿಲ್ಲ. ಪಲ್ಲ ನಮ್ಮ ಬಾಗಿಲ ಮುಂದೆ ಕೇಳಿಸಿತೆನ್ನಿ, ಎರಡನೆಯ ನುಡಿ ಬಸ್ ಸ್ಟ್ಯಾಂಡಿನವರ ಪಾಲಿಗೆ, ಮೂರನೆಯದು ಪೆಟ್ರೋಲ್ ಪಂಪಿನವರ ಪಾಲಿಗೆ. ಕಡೆಯ ನುಡಿ ಬರುವ ಹೊತ್ತಿಗೆ ಗಾಡಿ ಊರು ದಾಟಿ ಹೊಲಗಳ ನಡುವೆ ಸೇರಿ, ಕೇಳುವುದಕ್ಕೆ ಕೊಕ್ಕರೆಗಳು ಮಾತ್ರ ಇರುತ್ತವೆ. ಹೋದರೆ ಹೋಗಲಿ ಎನ್ನುವಂತಿಲ್ಲ. ನಮ್ಮ ಕಡೆಯ ಹಾಡಿನಲ್ಲಿ ಅದನ್ನು ಕಟ್ಟಿದವನ ಹೆಸರು ಇರುವುದೇ ಆ ಕಡೆಯ ನುಡಿಯಲ್ಲಿ. ಅದನ್ನು ಪೂರ್ತಿ ಕೇಳುವ ಭಾಗ್ಯ ಇರುವವರೆಂದರೆ ಕಾರ್ಖಾನೆಯ ಅಂಗಳದಲ್ಲಿ ತೂಕದ ಕಾಟಾದ ಮುಂದೆ ಪಾಳಿ ಹಚ್ಚಿ ನಿಂತ ಡ್ರೈವರುಗಳು. ಆ ಪಾಳಿಯಲ್ಲಿ ಒಂದು ಹಾಡಲ್ಲ, ಇಡೀ ಶ್ರೀಕೃಷ್ಣ ಪಾರಿಜಾತದ ಆಟವನ್ನೇ ಕೇಳಿ ಮುಗಿಸಬಹುದು. ಹೀಗಾಗಿ ಯಾವ ಹಾಡು ಯಾರು ಬರೆದದ್ದು ಎಂಬ ಸಂಶಯ ಬಂದರೆ ನಾನು ಪ್ರಾಧ್ಯಾಪಕರನ್ನು ಕೇಳಲು ಹೋಗುವುದಿಲ್ಲ. ಡ್ರೈವರುಗಳಿಗೆ ಒಂದೊಂದು ಚಹಾ ಕುಡಿಸುತ್ತೇನೆ.

ನನ್ನ ಸೋದರಮಾವ ಹರದೇಶಿ ಮೇಳದಲ್ಲಿ ತುಂತುಣಿ ಬಾರಿಸುತ್ತಿದ್ದ. ಹರದೇಶಿ ನಾಗೇಶಿ ಎಂದರೆ ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕು. ಒಂದು ಮೇಳ ಗಂಡು ಹೆಚ್ಚೆಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಶಿವನಿಂದ ಶುರುವಾದ ಜಗಳ ಬೆಳಗಿನ ಜಾವಕ್ಕೆ ಅಡಿಗೆಮನೆಗೆ ಬಂದು ಮುಟ್ಟುತ್ತದೆ. ಮರಾಠಿಯವರು ಇದನ್ನೇ ಕಲ್ಗಿ ತುರಾ ಎನ್ನುತ್ತಾರೆ. ನಮ್ಮ ಮಾಮಾ ರಾತ್ರಿಯಿಡೀ ಗಂಡೇ ಹೆಚ್ಚೆಂದು ದಪ್ಪಿನವನ ಜೊತೆ ಕೂಗಿ, ಬೆಳಿಗ್ಗೆ ಮನೆಗೆ ಬಂದು ಮಾಮಿಯ ಎದುರು ಸದ್ದಿಲ್ಲದೆ ರೊಟ್ಟಿ ತಿನ್ನುತ್ತಿದ್ದ. ಅವನ ಮೇಳದಲ್ಲಿ ಒಂದು ಕಟ್ಟುನಿಟ್ಟಿತ್ತು. ಎಷ್ಟೇ ಹೊತ್ತಾಗಿರಲಿ, ಮಳೆ ಬರಲಿ, ಎದುರು ಮೇಳದವರು ಎದ್ದು ನಿಂತಿರಲಿ, ಕಡೆಯ ನುಡಿ ಹಾಡದೆ ಪದ ಮುಗಿಸುವಂತಿರಲಿಲ್ಲ. ಅದರಲ್ಲಿ ಮೊದಲು ಊರು, ಆಮೇಲೆ ಆ ಊರಿನ ದೇವರು, ಆಮೇಲೆ ಗುರು, ಎಲ್ಲಕ್ಕಿಂತ ಕೊನೆಗೆ, ಸಂಕೋಚದಿಂದ ಎಂಬಂತೆ, ಕಟ್ಟಿದ ಕವಿ. “ಹೊತ್ತಾದಾಗ ಅದನ್ನ ಬಿಟ್ಟರ ಏನಾಕ್ಕೈತಿ ಮಾಮಾ?” ಎಂದು ನಾನು ಕೇಳಿದ್ದುಂಟು. “ಅಲ್ಲೋ, ಹಾಡಿಗಿ ಅಪ್ಪನ ಹೆಸರ ಬ್ಯಾಡೇನು?” ಎಂದ. ಸ್ವಲ್ಪ ತಡೆದು, “ಅವನ ಕೊಟ್ಟ ಪದಾ ಹಾಡೇ ನಾವು ನಾಕ ರೊಕ್ಕಾ ತಂದೇವು,” ಎಂದೂ ಸೇರಿಸಿದ.

ಇದೇನು ಲಾವಣಿಯವರು ಕಂಡುಹಿಡಿದ ಉಪಾಯವಲ್ಲ. ಬಸವಣ್ಣನವರ ವಚನ ಕೂಡಲಸಂಗಮದೇವನಿಗೆ ಬಂದು ನಿಲ್ಲುತ್ತದೆ, ಪುರಂದರದಾಸರ ಪದ ಪುರಂದರವಿಠಲನಿಗೆ, ಶಿಶುನಾಳ ಶರೀಫರದು ಶಿಶುನಾಳಾಧೀಶನಿಗೆ. ಅವರು ದೊಡ್ಡವರು, ತಮ್ಮ ಹೆಸರಿನ ಜಾಗದಲ್ಲಿ ದೇವರ ಹೆಸರಿಟ್ಟರು. ಲಾವಣಿಕಾರ ಅಷ್ಟು ದೊಡ್ಡವನಲ್ಲ, ಅಷ್ಟು ಭೋಳೆಯೂ ಅಲ್ಲ. ದೇವರ ಹೆಸರನ್ನೂ ಇಟ್ಟ, ತನ್ನದನ್ನೂ ಇಟ್ಟ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹಾಡುವ ರಿವಾಯತ್ ಪದಗಳಲ್ಲೂ ಇದೇ ಪದ್ಧತಿ. ಕರ್ಬಲಾದ ಕಾಳಗ ಮುಗಿದು ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಇಂಥ ಊರಿನ ಇಂಥವನು ಹೇಳಿದ್ದು ಎಂದು ಬರುತ್ತದೆ. ಆ ಇಂಥವನು ಹಲವು ಸಲ ಲಿಂಗಾಯತನೋ ಕುರುಬನೋ ಆಗಿರುತ್ತಾನೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಇಲ್ಲಿ ಕಳ್ಳತನದ ಮಾತು ಬರಲೇಬೇಕು. ಹೆಸರು ಹಾಡಿನೊಳಗಿದ್ದರೆ ಅದನ್ನು ತೆಗೆದು ತನ್ನದನ್ನು ತುರುಕುವವರು ಇದ್ದೇ ಇರುತ್ತಾರೆ. ಆದರೆ ಕನ್ನಡದ ಛಂದಸ್ಸು ಈ ವಿಷಯದಲ್ಲಿ ಪೋಲೀಸಿನವರಿಗಿಂತ ಚುರುಕು. ಶಾಲೆಯಲ್ಲಿ ಲಘು ಗುರು ಹಾಕುವಾಗ ನಿದ್ದೆ ಮಾಡಿದವರು ಈಗ ಎಚ್ಚರಾಗಬೇಕು. ಚಿಕ್ಕೋಡಿಗೆ ಐದು ಮಾತ್ರೆ. ನಿಪ್ಪಾಣಿಗೂ ಐದೇ. ರಾಯಬಾಗಕ್ಕೆ ಆರು, ಕಾಗವಾಡಕ್ಕೂ ಆರು. ಆದ್ದರಿಂದ ಚಿಕ್ಕೋಡಿಯ ಕವಿ ಕಟ್ಟಿದ್ದನ್ನು ನಿಪ್ಪಾಣಿಯವನು ಹಾರಿಸಬಹುದು, ತಾಳ ತಪ್ಪುವುದಿಲ್ಲ. ಕಾಗವಾಡದ್ದನ್ನು ರಾಯಬಾಗದವನು ಜೇಬಿಗಿಳಿಸಬಹುದು. ಅಥಣಿಯವರು ಮಾತ್ರ ನಿಶ್ಚಿಂತೆಯಿಂದ ಮಲಗಬಹುದು. ಮೂರೇ ಮಾತ್ರೆಯ ತಾಲೂಕು ಈ ಐದರಲ್ಲಿ ಇನ್ನೊಂದಿಲ್ಲ. ಹೆದರಿದರೆ ಗಡಿಯಾಚೆಯ ಮಿರಜಿನವರಿಗೆ, ಜತ್ತದವರಿಗೆ ಹೆದರಬೇಕು. ಅದು ಎರಡು ರಾಜ್ಯಗಳ ನಡುವಿನ ವ್ಯವಹಾರ, ಆಯೋಗಗಳು ನೋಡಿಕೊಳ್ಳಲಿ.

ಮಾತ್ರೆ ಹೊಂದಿತೆಂದು ನಿಪ್ಪಾಣಿಯವನು ಹಿಗ್ಗುವ ಹಾಗೂ ಇಲ್ಲ. ಮುಂದೆ ಪ್ರಾಸ ಕಾದು ಕೂತಿರುತ್ತದೆ. ನಮ್ಮ ಪದಗಾರರಿಗೆ ಎರಡನೆಯ ಅಕ್ಷರ ಕೂಡಬೇಕು. ಚಿಕ್ಕೋಡಿಯ ಕವಿ ಅಕ್ಕ, ಮಕ್ಕಳು, ಚಕ್ಕಡಿ, ಬೆಕ್ಕು ಎಂದೆಲ್ಲ ಸಾಲಾಗಿ ನಿಲ್ಲಿಸಿಟ್ಟಿರುತ್ತಾನೆ. ನಿಪ್ಪಾಣಿಗೆ ಬೇಕಾದದ್ದು ಅಪ್ಪ, ತುಪ್ಪ, ಉಪ್ಪು, ಸೊಪ್ಪು. ಊರೊಂದನ್ನು ಬದಲಿಸಹೋದವನು ಅಕ್ಕನನ್ನು ಅಪ್ಪನನ್ನಾಗಿ ಮಾಡಬೇಕಾಗುತ್ತದೆ, ಅಲ್ಲಿಗೆ ಕಥೆಯೇ ಕೆಡುತ್ತದೆ. ಅಥಣಿಯ ಕವಿಗಳಿಗೆ ತಮ್ಮದೇ ಕಷ್ಟ. ‘ಥ’ಕಾರಕ್ಕೆ ಹೊಂದುವ ಮಾತು ಎಷ್ಟಿವೆ? ರಥ, ಪಥ, ಕಥೆ, ವ್ಯಥೆ. ಅಥಣಿಯ ಪದಗಳಲ್ಲಿ ಯಾರಾದರೊಬ್ಬರು ರಥ ಏರಿ ಪಥ ಹಿಡಿದು ವ್ಯಥೆ ಪಡುತ್ತಿದ್ದರೆ ಅದು ಅವರ ಸ್ವಭಾವವಲ್ಲ, ಊರಿನ ಹೆಸರಿನ ಬಲವಂತ. ಹಾಡುವವರು ಬೇಕಾದಲ್ಲಿ ಎಳೆದು, ಬೇಡದಲ್ಲಿ ನುಂಗಿ ಎಲ್ಲವನ್ನೂ ಸರಿಮಾಡಿಕೊಳ್ಳುತ್ತಾರೆ ಎಂದು ಪಂಡಿತರು ತಕರಾರು ತೆಗೆಯಬಹುದು. ತೆಗೆಯಲಿ. ಅಷ್ಟರಲ್ಲಿ ಟ್ರ್ಯಾಕ್ಟರು ಮುಂದೆ ಹೋಗಿರುತ್ತದೆ.

ಊರಿನ ಹೆಸರು ಎಷ್ಟು ಉಪಕಾರಿ ಎಂಬುದಕ್ಕೆ ಶ್ರೀಕೃಷ್ಣ ಪಾರಿಜಾತವೇ ಸಾಕ್ಷಿ. ಅದರ ಹಿಂದೆ ಇಬ್ಬರು ತಮ್ಮಣ್ಣರಿದ್ದಾರೆ. ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು ಬೆಳೆಸಿ ಆಟವಾಗಿ ನಮ್ಮ ಸೀಮೆಯ ಊರೂರಿಗೆ ಒಯ್ದವನು ಕುಲಗೋಡ ತಮ್ಮಣ್ಣ. ಬರೀ ತಮ್ಮಣ್ಣ ಎಂದಿದ್ದರೆ ಇಬ್ಬರೂ ಒಬ್ಬನಾಗಿ, ಒಬ್ಬನ ಕಷ್ಟ ಇನ್ನೊಬ್ಬನ ಖಾತೆಗೆ ಜಮಾ ಆಗುತ್ತಿತ್ತು. ನಮ್ಮ ಹಿರಿಯರಿಗಾದರೋ ಇಬ್ಬರು ತಮ್ಮಣ್ಣರಿಗಿಂತ ಅದನ್ನು ಹಾಡಿ ಆಡಿದ ಕೌಜಲಗಿ ನಿಂಗಮ್ಮನ ನೆನಪೇ ಹೆಚ್ಚು. ಪಾರಿಜಾತ ಎಂದೊಡನೆ ಅವರ ಬಾಯಿಗೆ ಬರುವುದು ಆಕೆಯ ಹೆಸರು. ಇದು ಲೋಕರೂಢಿ. ಹಾಡು ಯಾರ ಬಾಯಿಂದ ಬಂತೋ ಅವರದು.

ಈ ರೂಢಿ ಹದ್ದು ಮೀರಿದ್ದು ಸಿನಿಮಾ ಬಂದ ಮೇಲೆ. ‘ಸಂಪತ್ತಿಗೆ ಸವಾಲ್’ ಬಂದದ್ದು 1974ರಲ್ಲಿ. ಎಮ್ಮೆಯ ಮೇಲೆ ಕೂತ ರಾಜಕುಮಾರರು ತಾವೇ ಹಾಡಿದರು, ಕರ್ನಾಟಕವೆಲ್ಲ ಕುಣಿಯಿತು. ಆ ಕಥೆ ನಮ್ಮ ಉತ್ತರ ಕರ್ನಾಟಕದ ಧುತ್ತರಗಿಯವರ ನಾಟಕದ್ದು, ಸಂಗೀತ ಜಿ.ಕೆ. ವೆಂಕಟೇಶರದು, ಹಾಡು ಬರೆದವರು ಚಿ. ಉದಯಶಂಕರ್. ಯಾರನ್ನಾದರೂ ಕೇಳಿ ನೋಡಿ, “ರಾಜಕುಮಾರನ ಹಾಡ ಅದು” ಎನ್ನುತ್ತಾರೆ. ಇನ್ನೂ ಕೆದಕಿದರೆ ಎಮ್ಮೆ ನೆನಪಾಗುತ್ತದೆ. ಉದಯಶಂಕರರ ಸರದಿ ಎಮ್ಮೆಯ ಆಮೇಲೂ ಬರುವುದಿಲ್ಲ. ಇದಕ್ಕೂ ಹಿಂದೆ ರಾಜಕುಮಾರರಿಗೆ ಪಿ.ಬಿ. ಶ್ರೀನಿವಾಸರು ಹಾಡುತ್ತಿದ್ದ ಕಾಲದಲ್ಲೂ ಹಾಡು ರಾಜಕುಮಾರನದೇ. ಬರೆದವನು ಹಾಡಿದವನ ಹಿಂದೆ, ಹಾಡಿದವನು ತುಟಿ ಅಲ್ಲಾಡಿಸಿದವನ ಹಿಂದೆ. ಬೆಳ್ಳಿಪರದೆಯ ಮೇಲೆ ಅಕ್ಷರಗಳು ಬರುವ ಹೊತ್ತಿಗೆ ನಮ್ಮ ಟಾಕೀಸುಗಳಲ್ಲಿ ಜನ ಇನ್ನೂ ಕತ್ತಲಲ್ಲಿ ಕುರ್ಚಿ ಹುಡುಕುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಇರುತ್ತಿದ್ದರು. ಗೀತರಚನಕಾರನ ಹೆಸರು ಸರಿಯಾಗಿ ಆ ತುಳಿದಾಟದ ನಡುವೆ ಬಂದು ಹೋಗುತ್ತಿತ್ತು.

ರೇಡಿಯೊ ಮಾತ್ರ ಮರ್ಯಾದಸ್ಥ ಸಾಧನವಾಗಿತ್ತು. ನಮ್ಮ ಕಡೆ ಮುಳ್ಳನ್ನು ಈ ಕಡೆ ತಿರುವಿದರೆ 1950ರಲ್ಲಿ ಶುರುವಾದ ಧಾರವಾಡ, ಆ ಕಡೆ ತಿರುವಿದರೆ ಸಾಂಗಲಿ. ಎರಡೂ ಕಡೆ ಹಾಡಿಗೆ ಮೊದಲು ಬರೆದವರು, ರಾಗ ಹಾಕಿದವರು, ಹಾಡಿದವರು ಎಂದು ನೀಟಾಗಿ ಹೇಳುತ್ತಿದ್ದರು. ಆಕಾಶವಾಣಿಯಲ್ಲಿ ಬರೆದವರ ಹೆಸರನ್ನೂ ಹೇಳಬೇಕೆಂದು ಉರ್ದು ಕವಿ ಸಾಹಿರ್ ಲುಧಿಯಾನ್ವಿ ಹಟ ಹಿಡಿದದ್ದರಿಂದ ಈ ಪದ್ಧತಿ ಬಂತೆಂದು ಪ್ರಸಿದ್ಧಿ. ಆ ಪುಣ್ಯಾತ್ಮನ ಹಟದಿಂದ ನಾನು ಕು.ರ.ಸೀ., ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಗೀತಪ್ರಿಯ ಎಂಬ ಹೆಸರುಗಳನ್ನು ಮುಖ ನೋಡದೆ ಕಲಿತೆ. ಗೀತಪ್ರಿಯರ ನಿಜವಾದ ಹೆಸರು ಲಕ್ಷ್ಮಣರಾವ್ ಮೋಹಿತೆ. ಈ ಮೋಹಿತೆ ಎಂಬ ಅಡ್ಡಹೆಸರನ್ನು ನಿಪ್ಪಾಣಿಯಲ್ಲಿ ಹೇಳಿದರೆ ಚಹಾದಂಗಡಿಯಲ್ಲಿ ಕೂತ ನಾಲ್ಕು ಜನ ಮೋಹಿತೆಯವರು ಒಟ್ಟಿಗೆ ತಿರುಗಿ ನೋಡಿಯಾರು. ಅವರು ಬೆಂಗಳೂರಿನವರೆಂದು ತಿಳಿಸಿದರೂ ಪ್ರಯೋಜನವಿಲ್ಲ, “ಮೂಲಾ ಈ ಕಡೀದ ಇರಬೇಕ್ರಿ” ಎಂದು ತೀರ್ಮಾನ ಕೊಡುತ್ತಾರೆ.

ನಿಪ್ಪಾಣಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮರಾಠಿಯ ಹೆಸರಾಂತ ಗೀತಕಾರ ಪಿ. ಸಾವಳಾರಾಮ ಹುಟ್ಟಿದ್ದು ನಿಪಾಣಿಯಲ್ಲಿ ಎಂದು ಎಲ್ಲಾದರೂ ಓದಿದರೆ ಹಾರ ಹಿಡಿದು ಓಡಬೇಡಿ. ಅದು ಸಾಂಗಲಿ ಜಿಲ್ಲೆಯ ಯೇಡೆನಿಪಾಣಿ. ನಮ್ಮ ನಿಪ್ಪಾಣಿಗೆ ತಂಬಾಕು ಇದೆ, ಬೀಡಿ ಇದೆ, ದೇವಚಂದ ಕಾಲೇಜು ಇದೆ (ಅದೂ ಅರ್ಜುನನಗರದಲ್ಲಿ, ಎಂದರೆ ಗಡಿ ದಾಟಿ ಮಹಾರಾಷ್ಟ್ರದಲ್ಲಿ), ಸಾವಳಾರಾಮ ಮಾತ್ರ ಇಲ್ಲ. ಬದಲಿಗೆ ಪಕ್ಕದ ಕೊಲ್ಲಾಪುರದ ಜಗದೀಶ ಖೇಬೂಡಕರ ಇದ್ದಾರೆ, ಬೇಕಾದಷ್ಟು. 1972ರಲ್ಲಿ ಶಾಂತಾರಾಮರ ‘ಪಿಂಜರಾ’ ಬಂದಾಗಿನಿಂದ ಇಂದಿನವರೆಗೆ ನಿಪ್ಪಾಣಿಯ ಯಾವ ಮದುವೆಯ ವರಾತದಲ್ಲೂ ಅದರ ಹಾಡು ತಪ್ಪಿಲ್ಲ. ಶೀಲವಂತ ಮಾಸ್ತರನೊಬ್ಬ ತಮಾಷಾದ ಹೆಣ್ಣಿನಿಂದ ಹಾಳಾಗುವ ಕಥೆ ಅದು. ಅದರ ಲಾವಣಿಗಳನ್ನು ಬರೆದ ಖೇಬೂಡಕರರು ವೃತ್ತಿಯಿಂದ ಶಾಲೆಯ ಮಾಸ್ತರರು! ಹಗಲು ಹುಡುಗರಿಗೆ ವ್ಯಾಕರಣ ಹೇಳಿ, ಸಂಜೆ ಊರನ್ನೇ ಕುಣಿಸುವ ಲಾವಣಿ ಬರೆಯುವ ಮಾಸ್ತರನನ್ನು ಹೆಡ್ ಮಾಸ್ತರರು ಹೇಗೆ ಸಹಿಸಿಕೊಂಡರೋ! ವರಾತದಲ್ಲಿ ಕುಣಿಯುವವರಿಗೆ ಸಂಧ್ಯಾ ಗೊತ್ತು, ಶ್ರೀರಾಮ ಲಾಗೂ ಗೊತ್ತು. ಖೇಬೂಡಕರ ಮಾಸ್ತರರ ಹಾಜರಿ ಕೂಗಿದರೆ ‘ಗೈರು’.

ಕೊಲ್ಲಾಪುರಕ್ಕೂ ಕನ್ನಡದ ಹಾಡಿಗೂ ಇರುವ ಇನ್ನೊಂದು ನಂಟನ್ನು ಬೆಂಗಳೂರಿನವರು ಮರೆತಿದ್ದಾರೆ; ನಮಗೆ ಮರೆಯುವ ಹಕ್ಕಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಬಿಡುಗಡೆಯಾದದ್ದು 1934ರ ಮಾರ್ಚ್ 3ಕ್ಕೆ, ಬೆಂಗಳೂರಿನಲ್ಲಿ. ಅದರ ಮಾತು, ಹಾಡು ಎರಡನ್ನೂ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಅಂದರೆ ತೆರೆಗೆ ಬಂದ ಕನ್ನಡದ ಮೊಟ್ಟಮೊದಲ ಸಿನಿಮಾ ಹಾಡು ಧ್ವನಿಯಾಗಿ ಅಚ್ಚಾದದ್ದು ನಿಪ್ಪಾಣಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯಲ್ಲಿ. ಬೆಳ್ಳಾವೆಯವರೂ ಎಷ್ಟು ಸರಿಯಾಗಿ ಊರನ್ನು ಹೆಸರಿ‌ನ ಮುಂದೆ ಕಟ್ಟಿಕೊಂಡಿದ್ದರು ನೋಡಿ. ಆದರೂ ನಮ್ಮ ಕಡೆ ಚಿತ್ರಗೀತೆಗಳ ಬಗ್ಗೆ ಭಾಷಣ ಮಾಡುವವರು ಗಾಂಧಿನಗರದಿಂದ ಶುರುಮಾಡುತ್ತಾರೆ. ಕೊಲ್ಲಾಪುರಕ್ಕೆ ಹೋಗುವುದು ಅಂಬಾಬಾಯಿಗೆ ಮತ್ತು ತಾಂಬಡಾ ರಸ್ಸಾಕ್ಕೆ.

ರೊಕ್ಕದ ಮಾತನ್ನೂ ಆಡಿಬಿಡುತ್ತೇನೆ, ಮಾಮಾ ಮೊದಲೇ ಅದನ್ನು ಎತ್ತಿದ್ದನಲ್ಲ. ಸಿನಿಮಾಕ್ಕೆ ಬರೆದವನು ಬರೆದುಕೊಟ್ಟು ಹೋದ, ನಿರ್ಮಾಪಕ ರೊಕ್ಕ ಕೊಟ್ಟ, ಅಲ್ಲಿಗೆ ಹಾಡು ನಿರ್ಮಾಪಕನದು. 1977ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಹೆಚ್ಚುಕಡಿಮೆ ಇದೇ ಕಡೆಗಿತ್ತು. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂತು. ರಾಜ್ಯಸಭೆಯಲ್ಲಿ ಅದಕ್ಕಾಗಿ ಗಂಟಲು ಹರಿದುಕೊಂಡವರು ಜಾವೇದ್ ಅಖ್ತರ್. ಈಗ ಟಾಕೀಸಿನ ಹೊರಗೆ ಹಾಡು ಬಳಕೆಯಾದಾಗ ಬರುವ ಗೌರವಧನದಲ್ಲಿ ಬರೆದವನಿಗೂ ರಾಗ ಹಾಕಿದವನಿಗೂ ಸಮಪಾಲು ಇದೆ, ಅವನು ‘ಬೇಡ’ ಎಂದು ಬರೆದುಕೊಟ್ಟರೂ ಆ ಪಾಲು ಹೋಗುವುದಿಲ್ಲ. ಬಡ ಕವಿಯನ್ನು ಅವನ ಸಹಿಯಿಂದಲೇ ಕಾಪಾಡುವ ಕಾಯಿದೆ! ಸತ್ತು 60 ವರ್ಷವಾಗುವವರೆಗೂ ವಾರಸುದಾರರಿಗೆ ಹಕ್ಕಿದೆ. ಕಬ್ಬಿನ ಟ್ರ್ಯಾಕ್ಟರುಗಳು ನುಡಿಗೆ ಒಂದು ಪೈಸೆಯಂತೆ ಲೆಕ್ಕ ಹಾಕಿ ಕೊಟ್ಟಿದ್ದರೆ ನಮ್ಮ ಪದಗಾರರು ಸಕ್ಕರೆ ಕಾರ್ಖಾನೆಯನ್ನೇ ಕೊಂಡುಕೊಳ್ಳಬಹುದಿತ್ತು. ಅಂಥ ಲೆಕ್ಕ ಹಾಕಲು ಡ್ರೈವರನ ಹತ್ತಿರ ಹೋಗುವ ಧೈರ್ಯವಿರುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಪ್ರಶಸ್ತಿಗಳೂ ಬಾಯಿಯ ಕಡೆಗೇ ವಾಲುತ್ತವೆ. 1978ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಗಾಯಕರಾಗಿ ಬಂದವರು ಶಿವಮೊಗ್ಗ ಸುಬ್ಬಣ್ಣ, ‘ಕಾಡು ಕುದುರೆ’ಯ ಹಾಡಿಗೆ. ಸುಬ್ಬಣ್ಣನವರ ಕಂಠಕ್ಕೆ ಸಲ್ಲಬೇಕಾದದ್ದೇ ಸಂದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕುದುರೆಯನ್ನು ಹಿಡಿದು ತಂದವರು ಚಂದ್ರಶೇಖರ ಕಂಬಾರರು. ಪದ ಅವರದು, ರಾಗ ಅವರದು, ಚಿತ್ರದ ನಿರ್ದೇಶನವೂ ಅವರದೇ. ಅವರೂರು ಘೋಡಗೇರಿ, ಚಿಕ್ಕೋಡಿಯ ನೆರೆಯ ಹುಕ್ಕೇರಿ ತಾಲೂಕಿನಲ್ಲಿ. ಊರಿನ ಹೆಸರಿನಲ್ಲೇ ಕುದುರೆ ಕಟ್ಟಿದ ಹಾಗಿದೆ. ಕಂಬಾರರಿಗೆ 2010ರ ಜ್ಞಾನಪೀಠ ಬಂತು, ಅವರ ಬಗ್ಗೆ ನಾವು ಮರುಗಬೇಕಾಗಿಲ್ಲ.

ಮರುಗಬೇಕೋ ಹಿಗ್ಗಬೇಕೋ ನನಗೆ ಬಗೆಹರಿಯದಿರುವುದು ಬೆಟಗೇರಿ ಕೃಷ್ಣಶರ್ಮರ ವಿಷಯ. ಗೋಕಾಕ ಸೀಮೆಯ ಬೆಟಗೇರಿಯವರು, 1900ರಲ್ಲಿ ಹುಟ್ಟಿ 1982ರವರೆಗೆ ಬಾಳಿದರು, ‘ಆನಂದಕಂದ’ ಎಂಬ ಹೆಸರಿನಲ್ಲಿ ಬರೆದರು, ‘ಜಯಂತಿ’ ಪತ್ರಿಕೆ ನಡೆಸಿದರು. ‘ನಲ್ವಾಡುಗಳು’ ಎಂಬ ಅವರ ಪುಸ್ತಕದಲ್ಲಿ ನಮ್ಮ ಕಡೆಯ ಆಡುನುಡಿಯಲ್ಲೇ ಕಟ್ಟಿದ ಹಾಡುಗಳಿವೆ. ಹುಕ್ಕೇರಿ ಬಾಳಪ್ಪನವರಂಥವರ ಕಂಠ ಸಿಕ್ಕಿ ಅವು ಹಳ್ಳಿಯ ಪಾಲಾದವು. ಎಷ್ಟರಮಟ್ಟಿಗೆ ಎಂದರೆ, ಕ್ಯಾಸೆಟ್ಟಿನ ಕಾಲದಲ್ಲಿ ಅವರ ಹಾಡಿನ ಮುಂದೆ ‘ಸಾಹಿತ್ಯ: ಜಾನಪದ’ ಎಂದು ಅಚ್ಚಾದದ್ದನ್ನು ನಾನೇ ನೋಡಿದ್ದೇನೆ, ಸ್ಪರ್ಧೆಗಳಲ್ಲಿ ಜನಪದ ಗೀತೆಯೆಂದು ಹಾಡಿ ಬಹುಮಾನ ಗೆದ್ದ ಹುಡುಗಿಯರಿಗೆ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಬದುಕಿ ಬಾಳಿದ, ಮೂಗಿನ ಮೇಲೆ ಕನ್ನಡಕವಿದ್ದ ಒಬ್ಬ ಮನುಷ್ಯನನ್ನು ಇಡೀ ಜನಾಂಗವೆಂದು ಎಣಿಸುವುದು ದೊಡ್ಡ ಗೌರವವೇ ಇರಬೇಕು. ಆದರೆ ‘ಜಾನಪದ’ ಎಂಬುವವರ ವಿಳಾಸಕ್ಕೆ ಯಾರೂ ಗೌರವಧನದ ಮನಿಯಾರ್ಡರ್ ಕಳಿಸಿದ್ದಿಲ್ಲ.

ನವೆಂಬರ್ ಒಂದಕ್ಕೆ ನಮ್ಮ ಗಡಿಯೂರುಗಳಲ್ಲಿ ಆಗುವ ಅಬ್ಬರವನ್ನು ನೀವು ನೋಡಬೇಕು. ಬೆಂಗಳೂರಿನಲ್ಲಿ ಅದು ರಜೆ, ನಮ್ಮಲ್ಲಿ ಅದು ಹಾಜರಿ. ಅವತ್ತು ಡಾಲ್ಬಿಯಲ್ಲಿ ಕನ್ನಡದ ದೀಪ ಹಚ್ಚುವ ಹಾಡು ಕನಿಷ್ಠ ಇಪ್ಪತ್ತು ಸಲ ಬರುತ್ತದೆ. ಬರೆದವರು ಡಿ.ಎಸ್. ಕರ್ಕಿ, ನಮ್ಮ ಬೆಳಗಾವಿ ಜಿಲ್ಲೆಯವರೇ, ಪಾಠ ಹೇಳಿದ ಮೇಷ್ಟ್ರು. ಧ್ವಜ ಹಿಡಿದು ಕುಣಿಯುತ್ತಿದ್ದ ಒಬ್ಬ ಹುಡುಗನನ್ನು ಕೇಳಿದೆ. “ಕನ್ನಡಾಂಬೇದು ಹಾಡ್ರಿ ಕಾಕಾ,” ಎಂದ. ತಾಯಿಯ ಹೆಸರಾದರೂ ಹೇಳಿದನಲ್ಲ ಎಂದು ಸಮಾಧಾನಪಟ್ಟುಕೊಂಡೆ.

ತಾಯಿ ಎಂದಾಗ ಮಾತು ಬೇರೆ ಕಡೆ ಎಳೆಯುತ್ತದೆ. ಊರು, ದೇವರು, ಗುರು, ಕವಿ ಎಂದು ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಗಂಡಸರ ಹಾಡಿನ ಸಂಭ್ರಮ. ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳಿಗೆ ಕಡೆಯ ನುಡಿ ಎಂಬುದೇ ಇರಲಿಲ್ಲ. ಜೋಳ ಮುಗಿದಲ್ಲಿ ಹಾಡು ಮುಗಿಯುತ್ತಿತ್ತು. ತವರಿನ ಹೆಸರು ಬರುತ್ತಿತ್ತು, ಅಣ್ಣನದು ಬರುತ್ತಿತ್ತು, ಹಡೆದವ್ವ ಬರುತ್ತಿದ್ದಳು, ಚಿಂಚಲಿಯ ಮಾಯಕ್ಕ ಬರುತ್ತಿದ್ದಳು, ಕೊಕಟನೂರಿನ ಯಲ್ಲಮ್ಮ ಬರುತ್ತಿದ್ದಳು. ಗಂಡನ ಹೆಸರು ಹೇಳಬಾರದವರು ಒಡಪಿನಲ್ಲಿ ಅದನ್ನೂ ತರುತ್ತಿದ್ದರು. ಕಟ್ಟಿದವಳ ಹೆಸರು ಮಾತ್ರ ಎಲ್ಲೂ ಇಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಹೆಂಗಸರ ಪದಗಳ ‘ಗರತಿಯ ಹಾಡು’ ತಂದರು, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ತಂದರು. ಲಾವಣಿಯ ಕಡೆಗೆ ಹೋದರೆ ಹಲಸಂಗಿಯ ಖಾಜಾಭಾಯಿ ಎಂದು ಊರು ಸಮೇತ ಒಬ್ಬ ಕವಿ ಎದುರಾಗುತ್ತಾನೆ. ಇನ್ನೊಂದು ಕಡೆಗೆ ಹೋದರೆ ‘ಗರತಿ’. ಆ ಒಂದು ಹೆಸರಿನೊಳಗೆ ಎಷ್ಟು ಹೆಂಗಸರು ಒತ್ತಿಕೊಂಡು ಕೂತಿದ್ದಾರೋ! ಅವರಿಗೆ ಹೆಸರು ಹಾಕಿಕೊಳ್ಳಲು ಪುರುಸೊತ್ತಿರಲಿಲ್ಲ ಎಂದು ನನ್ನ ಊಹೆ. ಹೆಸರು ಬೇಕೆನಿಸಿರಲಿಲ್ಲ ಎಂದು ಬರೆಯುವವರೂ ಇದ್ದಾರೆ. ಅವರು ಬಹುತೇಕ ಗಂಡಸರು.

ಗೌರವಿಸುವ ಕಾರ್ಯಕ್ರಮಗಳು ಈಗ ಕಡಿಮೆಯೇನಿಲ್ಲ. ಊರೊಂದರಲ್ಲಿ ಎಂಬತ್ತು ದಾಟಿದ ಲಾವಣಿ ಕವಿಯೊಬ್ಬರಿಗೆ ಸತ್ಕಾರವಿತ್ತು, ನಾನೂ ಹೋಗಿದ್ದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪೇಟ ಸುತ್ತಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿದ್ದರಿಂದ ಅಜ್ಜನಿಗೆ ಸಭೆ ಅರ್ಧವಷ್ಟೇ ಕಾಣುತ್ತಿತ್ತು. ಸ್ಮರಣಿಕೆಯ ಮೇಲೆ ಕೊಟ್ಟವರ ಹೆಸರು ಬೊಟ್ಟುದ್ದ, ಪಡೆದವರ ಹೆಸರು ಇರುವೆಯಷ್ಟು. ಮುಖ್ಯ ಅತಿಥಿಗಳು ಲಾವಣಿಯ ಮಹತ್ವದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಆಮೇಲೆ ನಿರೂಪಕರು ಅಜ್ಜನಿಗೆ ಒಂದು ಪದ ಹಾಡಲು ಹೇಳಿ, ಸಮಯದ ಅಭಾವವಿದೆ ಎಂದು ಕಿವಿಯಲ್ಲಿ ಉಸುರಿದರು. ಅಜ್ಜ ದಪ್ಪು ತಗೊಂಡರು. ಪಲ್ಲ ಆಯಿತು, ಒಂದು ನುಡಿ ಆಯಿತು, ಎರಡಾಯಿತು. ದನಿ ಕಾದು ಈಗಷ್ಟೇ ಏರತೊಡಗಿತ್ತು. ಚೀಟಿ ಬಂತು. ಅಜ್ಜನಿಗೆ ಓದಲು ಬರದು. ಚೀಟಿಯನ್ನು ಆಯೇರಿಯೆಂದು ತಿಳಿದು ಹಣೆಗೆ ಒತ್ತಿಕೊಂಡು ಜೇಬಿಗಿಟ್ಟು ಮೂರನೆಯ ನುಡಿ ಶುರುಮಾಡಿದರು. ಕೊನೆಗೆ ನಿರೂಪಕರೇ ಎದ್ದು ಬಂದು ನಗುತ್ತ ಮೈಕಿಗೆ ಕೈ ಹಾಕಿದರು. ಅಜ್ಜ ಮೈಕು ಬಿಡಲಿಲ್ಲ. “ತಡೀರಿ ಸಾಹೇಬರ, ನನ್ನ ಹೆಸರ ಇನ್ನೂ ಬಂದಿಲ್ಲ!” ಎಂದರು.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಜ್ಜ ನಗಲಿಲ್ಲ. ಹಿಂದಿನ ಸಾಲಿನಿಂದ ಯಾರೋ “ಹಾಡಾಕ ಬಿಡ್ರಿ ಅವರನ್ನ” ಎಂದು ಕೂಗಿದರು, ಇನ್ನಿಬ್ಬರು ಕೂಗಿದರು. ಹಾಡಿದರು. ಊರು ಬಂತು, ಊರಿನ ದೇವರು ಬಂದ, ಗುರು ಬಂದ, ಅಜ್ಜನೂ ಬಂದರು. ಶಾಲು, ಬುಟ್ಟಿ, ಪೇಟಗಳಲ್ಲಿ ಒಂದೂ ಮಾಡದ ಕೆಲಸ ಅದು. ನನ್ನನ್ನು ಕೇಳಿದರೆ ಹಾಡು ಬರೆದವರಿಗೆ ಸತ್ಕಾರವೇ ಬೇಡ. ಅವರ ಹಾಡನ್ನು ಕಡೆಯವರೆಗೆ ಹಾಡಿದರೆ ಸಾಕು, ಖರ್ಚೂ ಕಡಿಮೆ. ಆದರೆ ಖರ್ಚಿಲ್ಲದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬರುವುದಿಲ್ಲ.

ಹೊಸ ಹುಡುಗರ ವಿಷಯದಲ್ಲಿ ನಮ್ಮ ವಯಸ್ಸಿನವರಿಗೆ ಸಿಟ್ಟು ಹೆಚ್ಚು. ಯೂಟ್ಯೂಬಿನ ಜಾನಪದವೆಂದರೆ ಡ್ರೈವರು, ಲವರು, ಕೈಕೊಟ್ಟ ಹುಡುಗಿ, ಇಷ್ಟೇ ಎಂದು ಮುಖ ಸಿಂಡರಿಸುತ್ತಾರೆ. ನನಗೆ ಆ ಹುಡುಗರ ಮೇಲೆ ಒಂದು ಕಾರಣಕ್ಕೆ ಪ್ರೀತಿ. ಮಾಳು ನಿಪನಾಳನ ಹೆಸರು ಕೇಳದವರು ಈಗ ಕರ್ನಾಟಕದಲ್ಲಿ ಕಡಿಮೆ. ನಿಪನಾಳ ನಮ್ಮ ರಾಯಬಾಗ ತಾಲೂಕಿನ ಒಂದು ಹಳ್ಳಿ. ಡ್ರೈವರನ ಪ್ರೇಮದ ಹಾಡು ಬೆಂಗಳೂರಿನ ಮದುವೆಗಳನ್ನು ಮುಟ್ಟಿದಾಗ ಅದರ ಜೊತೆ ನಿಪನಾಳವೂ ಹೋಯಿತು. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಮಾಡಿದ್ದನ್ನೇ ಈ ಹುಡುಗರೂ ಮಾಡುತ್ತಿದ್ದಾರೆ, ಯಾರೂ ಹೇಳಿಕೊಟ್ಟಿಲ್ಲ. ಸಾಹಿತ್ಯ ಯಾರದು, ಗಾಯನ ಯಾರದು, ಯಾವ ಸ್ಟುಡಿಯೊ ಎಂದು ವಿಡಿಯೊದ ಮೇಲೆ ದಪ್ಪಕ್ಷರದಲ್ಲಿ ಹಾಕುತ್ತಾರೆ. ಹಾಡಿನೊಳಗೂ ಕಡೆಯ ನುಡಿಯಲ್ಲಿ ಹೇಳುತ್ತಾರೆ.

ಸ್ವಲ್ಪ ಹೆಚ್ಚೇ ಹೇಳುತ್ತಾರೆ. ರಾಯಬಾಗದ ಕಡೆಯ ಒಬ್ಬ ಹುಡುಗ ಹಾಡು ಬರೆಯುತ್ತಾನೆ, ಬರೆದದ್ದನ್ನು ಒಮ್ಮೊಮ್ಮೆ ನನಗೆ ತಂದು ತೋರಿಸುತ್ತಾನೆ. ಮೊನ್ನೆ ತಂದದ್ದರಲ್ಲಿ ಹಾಡು ಮೂರು ನುಡಿ, ಅಂಕಿತ ಎರಡು ನುಡಿ. ಬರೆದ ತಾನು, ಹಾಡಿದ ಗೆಳೆಯ, ಕೀಬೋರ್ಡಿನವನು, ಕ್ಯಾಮೆರಾದವನು, ರೆಕಾರ್ಡಿಂಗ್ ಮಾಡಿದವನು, ಗೆಳೆಯರ ಬಳಗ, ಎಲ್ಲರೂ ಊರು ಸಮೇತ ಬಂದಿದ್ದರು. ಹುಡುಗಿಯ ಹೆಸರಿಗೇ ಜಾಗ ಸಿಕ್ಕಿರಲಿಲ್ಲ. ಮಾತ್ರೆ ಎಲ್ಲ ಸರಿಯಾಗಿತ್ತು, ಒಂದೇ ಸಾಲಿನಲ್ಲಿ ತೊಡಕು.

“ಇಲ್ಲಿ ಮೊದಲ ರಾಯಬಾಗ ಅಂತಿತ್ರಿ ಸರ, ಚಲೋ ಕುಂತಿತ್ತು,” ಎಂದ. “ಈಗ ಅದನ್ನ ತಗದ ಅಥಣಿ ಮಾಡಬೇಕಾಗೇತಿ. ಮೂರ ಮಾತ್ರಿ ಕಮ್ಮಿ ಬೀಳ್ತಾವು. ‘ನಮ್ಮ ಅಥಣಿ’ ಅನ್ನಲೇನ್ರಿ?”

ನಮ್ಮ, ಮೂರು; ಅಥಣಿ, ಮೂರು. ಕೂಡಿಸಿ ನೋಡಿದೆ, ರಾಯಬಾಗಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸಂಧಿ ಮಾಡಿ ‘ನಮ್ಮಥಣಿ’ ಎಂದು ಹಾಡಬೇಡ, ಒಂದು ಮಾತ್ರೆ ಜಾರುತ್ತದೆ ಎಂದು ಎಚ್ಚರಿಸಿದೆ. ಆಮೇಲೆ ಕೇಳಿದೆ:

“ಅಲ್ಲೋ ತಮ್ಮಾ, ನೀ ರಾಯಬಾಗದಾಂವ. ಅಥಣಿ ನಿನಗ ಹೆಂಗ ನಮ್ಮದಾತು?”

“ಜೆಸಿಬಿ ಮಾಲಕರು ಅಥಣಿಯವರ್ರಿ,” ಎಂದ ಹುಡುಗ, ವಹಿಯಲ್ಲಿ ಗೀಟು ಹೊಡೆಯುತ್ತ. “ವಿಡಿಯೊಕ್ಕ ಐದ ಸಾವಿರ ಕೊಟ್ಟಾರು.”